ಔರಾದಿನ ಮೇಲ್‌ನಿಂದ ಹೋದ ಉತ್ತರ

ಬೀದರಿನ ಒಂದು ಬೇಳೆ ಕಂಪನಿಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಹೆಡ್ ಆಫೀಸು ಬೀದರಿನಲ್ಲಿ, ಮಿಲ್ಲು ಭಾಲ್ಕಿಯಲ್ಲಿ, ತೊಗರಿ ಕೊಳ್ಳುವ ಡಿಪೋ ಔರಾದಿನಲ್ಲಿ. ಎರಡನೆಯ ವರ್ಷವೂ ಮಳೆ ಕೈಕೊಟ್ಟಿತ್ತು. ಔರಾದಿನ ಬಸ್ ಸ್ಟ್ಯಾಂಡಿನಲ್ಲಿ ಪುಣೆಗೋ ಹೈದರಾಬಾದಿಗೋ ಹೊರಟ ಕುಟುಂಬಗಳು ಗಂಟು ಕಟ್ಟಿಕೊಂಡು ಕುಳಿತಿರುತ್ತಿದ್ದವು. ಕೊಳ್ಳಲು ತೊಗರಿಯೇ ಇಲ್ಲದ ಆ ದಿನಗಳಲ್ಲಿ ನಮ್ಮ ಮ್ಯಾನೇಜರರಿಗೆ ಮೇಲ್ ಸರಿಮಾಡಿಸುವ ಉಮೇದು ಬಂತು.

ಅವರು ಮಾಲೀಕರ ಅಳಿಯ. ಅತ್ತರಿನ ವಾಸನೆಯ, ನಗಿಸುವ ಮನುಷ್ಯ. ಅವರು ಜೋಕು ಹೇಳಿದಾಗ ಆಫೀಸಿನಲ್ಲಿ ಯಾರೂ ನಗದೆ ಇರುತ್ತಿರಲಿಲ್ಲ. ಯಾರ ಮೇಲೆ ಜೋಕು ಮಾಡಿದರೋ ಅವರೂ ನಗಬೇಕಾಗಿತ್ತು.

ಮೂರು ಊರಿಗೆ ಮೂರು ಮೇಲ್ ಸರ್ವರ್‌ಗಳಿದ್ದವು. ಯಾರೂ ಯೋಚಿಸಿ ಇಟ್ಟದ್ದಲ್ಲ. ಬೀದರಿನದು ಮಾಲೀಕರು ಹಾಕಿಸಿದ್ದು. ಭಾಲ್ಕಿಯದು ಮಿಲ್ಲನ್ನು ಕೊಂಡಾಗ ಅದರ ಜೊತೆಗೇ ಬಂದದ್ದು. ಔರಾದಿನದು ಮೇಜಿನ ಕೆಳಗೆ ಇಟ್ಟಿದ್ದ ಒಂದು ಹಳೆಯ ಕಂಪ್ಯೂಟರು. ಒಂದೂರಿನವರು ಇನ್ನೊಂದೂರಿಗೆ ಹೋದರೆ ತಮ್ಮ ಮೇಲ್ ನೋಡಲು ಆಗುತ್ತಿರಲಿಲ್ಲ. ಬ್ರೌಸರಿನಲ್ಲಿ ಒಂದೇ ಪುಟ ತೆರೆಯಬೇಕು, ಯಾರು ಎಲ್ಲೇ ಕೂತು ತಮ್ಮ ವಿಳಾಸ ಹಾಕಿದರೂ ಆ ಪುಟ ತಾನೇ ಸರಿಯಾದ ಸರ್ವರನ್ನು ಹುಡುಕಿ ಅವರ ಮೇಲ್ ತೋರಿಸಬೇಕು. ನನಗೆ ಕೊಟ್ಟ ಕೆಲಸ ಇದು.

ಹೇಳಿದಷ್ಟು ಸುಲಭವಾಗಲಿಲ್ಲ. ಭಾಲ್ಕಿಯ ಸರ್ವರ್ ಇಡೀ ವಿಳಾಸ ಕೇಳುತ್ತಿತ್ತು, ಔರಾದಿನದು ಬರೀ ಹೆಸರು ಕೇಳುತ್ತಿತ್ತು. ಒಂದಕ್ಕೆ ಸರಿಮಾಡಿದರೆ ಇನ್ನೊಂದು ಪಾಸ್‌ವರ್ಡ್ ತಪ್ಪು ಎನ್ನುತ್ತಿತ್ತು. ಕೊನೆಗೆ ಒಂದು ಶನಿವಾರ ಎಲ್ಲ ಕೂಡಿಬಂತು. ಮೂರೂ ಕಡೆಯವರನ್ನು ಬೀದರಿಗೆ ಕರೆಸಿ ಮ್ಯಾನೇಜರರ ಕೋಣೆಯಲ್ಲಿ ಹೊಸ ಪುಟ ತೋರಿಸಿದೆ.

ಔರಾದಿನಿಂದ ಬಂದವಳು ಡಿಪೋದ ಕ್ಲರ್ಕ್. ನನಗಿಂತ ಏಳೆಂಟು ವರ್ಷ ದೊಡ್ಡವಳು. ನಾನು ಅಕ್ಕ ಎನ್ನುತ್ತಿದ್ದೆ. ಗಂಡನಿಗೆ ಔರಾದಿನಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರಿಗೆ ಹೊಸ ತಂತಿ ಸುತ್ತಿ ವೈಂಡಿಂಗ್ ಮಾಡುವ ಅಂಗಡಿಯಿತ್ತು. ಬೋರುಗಳು ಬತ್ತಿದ ಮೇಲೆ ಮೋಟಾರುಗಳು ಓಡುವುದೇ ನಿಂತಿತು. ಓಡದ ಮೋಟಾರು ಸುಡುವುದೂ ಇಲ್ಲ. ಅವನು ಅಂಗಡಿ ಮುಚ್ಚಿ ಪುಣೆಯಲ್ಲಿ ಕಟ್ಟಡಗಳ ವೈರಿಂಗ್ ಕೆಲಸಕ್ಕೆ ಹೋಗಿದ್ದ. ಅವನ ತಾಯಿ ಇವಳ ಹತ್ತಿರವೇ ಇದ್ದಳು, ಕಾಯಿಲೆ ಬಿದ್ದಿದ್ದಳು. ಅವನ ಬಳಿ ಫೋನ್ ಇರಲಿಲ್ಲ. ವಾರದ ರಜೆಯ ದಿನ, ಶನಿವಾರ, ಸೈಬರ್ ಅಂಗಡಿಗೆ ಹೋಗಿ ಇವಳ ಆಫೀಸಿನ ವಿಳಾಸಕ್ಕೆ ಬರೆಯುತ್ತಿದ್ದ.

ಅಕ್ಕ ಮ್ಯಾನೇಜರರ ಕಂಪ್ಯೂಟರಿನಲ್ಲಿ ತನ್ನ ಮೇಲ್ ತೆರೆದು ನೋಡಿದಳು. ಕೆಲಸ ಮುಗಿದ ಮೇಲೆ ಲಾಗ್‌ಔಟ್ ಮಾಡಿ ಹೊರಬರುವುದು ಹೇಗೆಂದು ನಾನು ತೋರಿಸಲು ಹೊರಟಾಗ ಮ್ಯಾನೇಜರರು ತಡೆದರು.

"ನೀವು ನಡೀರಿ, ನಿಮ್ಮ ಬಸ್ ತಪ್ತದ. ನಾ ಬಂದ್ ಮಾಡ್ತೇನಿ."

"ಅತ್ತಿ ಒಬ್ಬಾಕಿನೇ ಅದಾಳ್ರಿ, ಹೋಗ್ತೇನಿ," ಎಂದು ಅವಳು ಚೀಲ ಎತ್ತಿಕೊಂಡು ಹೊರಟಳು.

ಅವರು ಮುಚ್ಚಲಿಲ್ಲ. ಚಹಾ ಬಂತು, ಭಾಲ್ಕಿಯ ನಾಲ್ಕು ಜನ ಕುಳಿತಿದ್ದರು, ಮಾಲೀಕರೂ ಬಂದರು. ಮಾವನಿಗೆ ತೋರಿಸಲು ಮ್ಯಾನೇಜರರು ಪರದೆಯನ್ನು ಎಲ್ಲರ ಕಡೆ ತಿರುಗಿಸಿದರು. "ನೋಡ್ರಿ, ಬೀದರ್‌ದಾಗ ಕುಂತು ಔರಾದಿನ ಮೇಲ್ ನೋಡ್ಲತೇವಿ." ಅಷ್ಟರಲ್ಲೇ ಅಕ್ಕನ ಗಂಡನ ಮೇಲ್ ಬಂದು ಬಿತ್ತು.

ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ ಅದು, ಕಾಗುಣಿತ ಅಡ್ಡಾದಿಡ್ಡಿ. ಮ್ಯಾನೇಜರರು ಒಂದೊಂದೇ ಪದವನ್ನು ತಪ್ಪಿದ್ದಂತೆಯೇ ಎಳೆದು ಓದಿದರು. ಅವ್ವನ ತಬಿಯತ್ ಹ್ಯಾಂಗದ, ಉಣ್ಣಲತಾಳೇನು, ರಜಾ ಕೇಳಿ ಬರ್ಲ್ಯಾ ಹ್ಯಾಂಗ, ನಾ ಇಲ್ಲೇ ಸೈಬರ್‌ದಾಗ ಕುಂತೇನಿ, ಲಗು ಬರಿ. ಭಾಲ್ಕಿಯವರು ನಕ್ಕರು. ಮಾಲೀಕರೂ ನಕ್ಕರು.

"ಬರೇ ಓದೂದಲ್ಲ, ಇಲ್ಲಿಂದನೇ ಜವಾಬ್ ಭೀ ಕೊಡಬಹುದು," ಎಂದು ಮ್ಯಾನೇಜರರು ಎರಡು ಬೆರಳಲ್ಲಿ ಕುಟ್ಟತೊಡಗಿದರು. ಅವ್ವ ಆರಾಮ ಅದಾಳ, ನೀವು ಬರಬ್ಯಾಡ್ರಿ, ನೀವಿಲ್ದೇನೇ ಇಲ್ಲಿ ಶಾಂತಿ ಅದ.

"ಸಾಹೇಬ್ರ, ಕಳಿಸಬ್ಯಾಡ್ರಿ," ಎಂದೆ.

ಅವರು ನನ್ನ ಮುಖ ನೋಡುತ್ತಲೇ ಗುಂಡಿ ಒತ್ತಿದರು.

"ಅದು ವಾಪಸ್ ಬರೂದಿಲ್ರಿ. ಅವ್ರು ನಿಜಾ ಅನ್ಕೋತಾರ. ನಾ ಈಗೇ ಇನ್ನೊಂದು ಬರೀತೇನಿ."

"ಮಜಾಕ್ ಅದ ತಂಗಿ. ಮೊದಲ ಭಾಲ್ಕಿದು ತೋರಿಸು."

ನನ್ನನ್ನು ಎದುರಿಗೆ ಕೂರಿಸಿಕೊಂಡು ಭಾಲ್ಕಿಯ ಒಂದೊಂದೇ ಮೇಲ್‌ಬಾಕ್ಸ್ ತೆರೆಸಿದರು. ಅವರೆಲ್ಲ ಎದ್ದು ಹೋದ ಮೇಲೆ ನಾನು ನನ್ನ ವಿಳಾಸದಿಂದ ಅಕ್ಕನ ಗಂಡನಿಗೆ ಬರೆದೆ: ಮೊದಲು ಬಂದದ್ದು ನಿಮ್ಮ ಹೆಂಡತಿ ಬರೆದದ್ದಲ್ಲ, ಬೇರೆಯವರು ತಮಾಷೆಗೆ ಬರೆದದ್ದು, ನಿಮ್ಮ ತಾಯಿಗೆ ಹುಷಾರಿಲ್ಲ, ಬನ್ನಿ. ಉತ್ತರ ಬರಲಿಲ್ಲ. ಮೊದಲಿನದನ್ನು ಓದಿ ಅವನು ಎದ್ದುಹೋಗಿದ್ದ.

ಅಕ್ಕನ ಮನೆಯಲ್ಲೂ ಫೋನ್ ಇರಲಿಲ್ಲ. ಸೋಮವಾರ ಡಿಪೋ ತೆಗೆಯುತ್ತಲೇ ಫೋನ್ ಮಾಡಿ ಹೇಳಿದೆ. ಅವಳು ಸಿಟ್ಟು ಮಾಡಲಿಲ್ಲ. "ಏನಂತ ಬರ್ದಾರ, ಇನ್ನೊಮ್ಮಿ ಹೇಳು," ಎಂದಳು. ಹೇಳಿದೆ. "ಶಾಂತಿ ಅದ ಅಂತ ಬರ್ದಾರೇನು," ಎಂದು ಕೇಳಿ ಫೋನ್ ಇಟ್ಟಳು. ಅವಳೂ ಅವನಿಗೆ ಬರೆದಳು. ಪುಣೆಯ ಗುತ್ತಿಗೆದಾರನ ನಂಬರಿಗೆ ಫೋನ್ ಮಾಡಿದರೆ ಆ ಕೆಲಸಗಾರರು ಬೇರೆ ಸೈಟಿಗೆ ಹೋಗಿದ್ದಾರೆ, ಎಲ್ಲಿಗೋ ಗೊತ್ತಿಲ್ಲ ಎಂದರಂತೆ.

ಆ ವಾರವೇ ಮುದುಕಿ ತೀರಿಕೊಂಡಳು. ಕೊನೆಯ ಎರಡು ದಿನ ಮಗ ಬಂದನೇ ಎಂದು ಕೇಳುತ್ತಲೇ ಇದ್ದಳಂತೆ. ಹೆಣವನ್ನು ಅವರ ಊರು ಡಾಬಕಾಕ್ಕೆ ಒಯ್ದರು. ಬಿಸಿಲು ಸುಡುತ್ತಿತ್ತು, ಇಟ್ಟುಕೊಂಡು ಕಾಯುವಂತಿರಲಿಲ್ಲ. ಮಗ ಇಲ್ಲದೆಯೇ ಮಣ್ಣಾಯಿತು.

ಮುಂದಿನ ರಜೆಯಲ್ಲಿ ಅವನು ಮೇಲ್ ತೆರೆದ. ಮೂರೂ ಒಟ್ಟಿಗೆ ಇದ್ದವು: ತಾಯಿ ಹೋದಳೆಂಬ ಹೆಂಡತಿಯ ಮೇಲ್, ಬೇಗ ಬಾ ಎಂಬ ಅವಳದೇ ಮೇಲ್, ನನ್ನದು. ಅವನು ಹೊರಟು ಬಂದ.

ಅಕ್ಕ ಕರೆದಳೆಂದು ನಾನು ಡಾಬಕಾಕ್ಕೆ ಹೋದೆ. ಅವನು ತಲೆ ಬೋಳಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದ, ಸುತ್ತ ಸಂಬಂಧಿಕರು. ಆ ಉತ್ತರ ಬೀದರಿನ ಕಂಪ್ಯೂಟರಿನಿಂದ ಹೋದದ್ದು, ಆ ಹೊತ್ತಿನಲ್ಲಿ ನಿಮ್ಮ ಹೆಂಡತಿ ಬಸ್ಸಿನಲ್ಲಿದ್ದರು, ಸರ್ವರಿನಲ್ಲಿ ಎಲ್ಲ ದಾಖಲಾಗಿದೆ ಎಂದು ಬಿಡಿಸಿ ಹೇಳಿದೆ. ಅವನು ತಾಳ್ಮೆಯಿಂದ ಕೇಳಿದ.

"ಹೆಸ್ರು ಯಾರದಿತ್ರಿ ಮ್ಯಾಲ?"

"ಅವ್ರದೇ ಇತ್ತು, ಆದ್ರ..."

"ನೀವು ಅಕೀ ಗೆಳತೇರು. ಹಾಂಗೇ ಹೇಳ್ತೀರಿ."

ಮುದುಕಿಯ ಅಣ್ಣನ ಹೆಂಡತಿ, "ಮಗಾ ಬಂದ್ರ ದವಾಖಾನಿಗಿ ಒಯ್ಯಬೇಕಾಗ್ತದಲ್ಲ, ಅದಕ್ಕ ಬ್ಯಾಡಂದಾಳ," ಎಂದಳು. ಅಕ್ಕ ಅಲ್ಲೇ ನಿಂತಿದ್ದಳು.

ಮ್ಯಾನೇಜರರೇ ಒಂದು ಮಾತು ಹೇಳಿದರೆ ನಂಬಿಯಾನು ಎಂದು ಅಕ್ಕ ಬೀದರಿಗೆ ಬಂದಳು. ನಾನೂ ಜೊತೆಗೆ ಒಳಗೆ ಹೋದೆ.

"ಒಂದ್ಸಲ ಅವ್ರ ಜೋಡಿ ಮಾತಾಡ್ರಿ ಸಾಹೇಬ್ರ. ನೀವೇ ಬರ್ದದ್ದು ಅಂತ ಹೇಳಿದ್ರ ಸಾಕು. ಮತ್ತೇನೂ ಬ್ಯಾಡ."

ಮ್ಯಾನೇಜರರು ಪೆನ್ನಿನ ಮುಚ್ಚಳ ತಿರುಗಿಸಿದರು. "ಕಂಪನಿ ಮೇಲ್‌ದಾಗ ಮನಿ ಮಾತು ಯಾಕ ತಂದ್ರಿ ನೀವು? ಮನ್ಯಾಗ ಮುದುಕಿ ಸತ್ರ ನಾ ಬಂದು ಜವಾಬ್ ಕೊಡ್ಲ್ಯಾ?"

ಅಲ್ಲಿದ್ದ ಭಾಲ್ಕಿಯವನೊಬ್ಬ ಅಭ್ಯಾಸಬಲದಿಂದ ನಕ್ಕ.

ಮರುದಿನ ಮೂರೂ ಕಡೆಗೆ ಸೂಚನೆ ಹೋಯಿತು. ಕಂಪನಿಯ ಮೇಲ್ ಸ್ವಂತಕ್ಕೆ ಬಳಸಬಾರದು, ಬಳಸಿದ್ದಕ್ಕಾಗಿ ಔರಾದ್ ಡಿಪೋದ ಕ್ಲರ್ಕ್‌ಗೆ ವೆಬ್‌ಮೇಲ್ ನಿಲ್ಲಿಸಲಾಗಿದೆ, ಎಂದು. ನಿಲ್ಲಿಸುವ ಕೆಲಸ ನಾನು ಮಾಡಲಿಲ್ಲ. ಭಾಲ್ಕಿಯವನಿಂದ ಮಾಡಿಸಿದರು. ಆ ತಿಂಗಳೇ ನಾನು ಕೆಲಸ ಬಿಟ್ಟೆ. ಅಕ್ಕ ಬಿಡಲಿಲ್ಲ. "ಬಿಟ್ಟು ಎಲ್ಲಿಗಿ ಹೋಗ್ಲಿ?" ಎಂದಳು. ಅವಳ ಗಂಡ ಪುಣೆಗೆ ಹೋದವನು ಅವಳಿಗೆ ಮತ್ತೆ ಬರೆಯಲಿಲ್ಲ.

ಮಳೆ ಹಿಡಿದ ವರ್ಷ ಅವನು ತಿರುಗಿ ಬಂದು ಮನೆಯ ಮುಂದೆಯೇ ಅಂಗಡಿ ತೆಗೆದ. ನಾನು ಮದುವೆಯ ಕಾಗದ ಕೊಡಲು ಔರಾದಿಗೆ ಹೋದಾಗ ಮನೆಯಲ್ಲೇ ಇದ್ದ. ಗಿರಾಕಿಯೊಬ್ಬರು ಕೂತಿದ್ದರು, ಹೊರಗೆ ಮೋಟಾರುಗಳು ಸಾಲಾಗಿ ಬಿದ್ದಿದ್ದವು. ನನ್ನನ್ನು ಗುರುತು ಹಿಡಿದು ಕುರ್ಚಿ ಕೊಟ್ಟ. ಅಕ್ಕ ತಟ್ಟೆಯಲ್ಲಿ ಚಹಾ ತಂದಳು. ತುಂಬ ಬಡವಾಗಿದ್ದಳು. ಆ ಗಿರಾಕಿ ಲೋಕಾಭಿರಾಮವಾಗಿ, "ತಾಯಿ ಎಲ್ಲದಾಳ್ರಿ, ಕಾಣವಲ್ಲಳು?" ಎಂದರು.

"ತೀರಿ ಹೋದ್ಳರಿ," ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ, ದಿನವೂ ಹೇಳಿ ಸವೆದ ಮಾತಿನಂತಿತ್ತು. "ಅಕಿ ಸಾಯಲತಾಗ ಈಕಿ ನನಗ ಆರಾಮ ಅದಾಳ ಅಂತ ಬರ್ದಿದ್ಳು."

ನಾನು ಬಾಯಿ ತೆರೆದೆ. ಅಕ್ಕ ನನ್ನತ್ತ ನೋಡಿ ಬೇಡವೆಂಬಂತೆ ತಲೆಯಾಡಿಸಿದಳು. ಗಿರಾಕಿಯ ಮುಂದೆ ಕಪ್ಪು ಇಟ್ಟಳು.

"ಚಹಾ ಆರ್ತದ, ತೊಗೋರಿ," ಎಂದಳು.