ಕಪಾಟಿನೊಳಗಿನ ಒಪ್ಪಿಗೆ

ಹಾವೇರಿ ಕಡೆಯವರ ಮಾತು ಗಡಸು, ಮನಸ್ಸು ಬೆಣ್ಣೆ. ಮೈಸೂರು ಬಿಡುವ ಮುಂಚೆ ಹತ್ತಾರು ಜನ ನನಗೆ ಇದನ್ನು ಹೇಳಿ ಕಳಿಸಿದರು. ಅವರಲ್ಲಿ ಹೆಚ್ಚಿನವರು ಹಾವೇರಿಯನ್ನು ರೈಲಿನ ಕಿಟಕಿಯಿಂದ ಮಾತ್ರ ಕಂಡವರು. ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಇಂಥ ವಾಕ್ಯ ಹೇಳಿದರೆ ನಮಗೆ ಹಬ್ಬ. ಎರಡೇ ಪ್ರಶ್ನೆ ಸಾಕು: ಯಾರ ಮಾತು, ಯಾರ ಮನಸ್ಸು? ಇಲ್ಲಿ ನಾನು ಕೇಳಿದ ಅತ್ಯಂತ ಮೃದುವಾದ ಮಾತು ನಮ್ಮ ಕಾಲೇಜಿನ ಕಾರ್ಯದರ್ಶಿಗಳದು. ಆ ಮೃದು ಮಾತು ಮುಗಿಯುವಷ್ಟರಲ್ಲಿ ನನ್ನ ಎಸ್ಸೆಸ್ಸೆಲ್ಸಿಯಿಂದ ಎಲ್‌ಎಲ್‌ಎಂವರೆಗಿನ ಅಷ್ಟೂ ಅಂಕಪಟ್ಟಿಗಳು ಹಸಿರು ಕಪಾಟಿನೊಳಗೆ ಹೋಗಿ ಬೀಗ ಬಿದ್ದಿತ್ತು.

ಕಪಾಟು ಅಂದರೆ ನಮ್ಮ ಬೀರು. ಈ ಊರಿನಲ್ಲಿ ನಾನು ಕಲಿತ ಮೊದಲ ಪದ ಅದು.

ಅವತ್ತೇ ಬೆಳಿಗ್ಗೆ ರಾಣೇಬೆನ್ನೂರಿನಲ್ಲಿ ಇಳಿದಿದ್ದೆ. ಹೆದ್ದಾರಿಯ ಬದಿಯ ಆ ಕಾಲೇಜಿನಲ್ಲಿ ಬಿಬಿಎ ಮಕ್ಕಳಿಗೆ ವ್ಯವಹಾರ ಕಾನೂನು ಕಲಿಸುವ ಕೆಲಸ. "ಬರ್ರಿ ಮೇಡಂ, ಕುಂದ್ರಿ. ಮೈಸೂರಿಂದ ಒಬ್ಬರ ಬಂದೀರಿ ಅಂದ್ರ ಭಾಳ ಧೈರ್ಯದವರ ಅದೀರಿ," ಎಂದು ಕಾರ್ಯದರ್ಶಿಗಳು ಚಹಾ ತರಿಸಿದರು. ಒರಿಜಿನಲ್ ತಂದಿದ್ದೀರಾ ಎಂದು ಕೇಳಿದರು. ತೆಗೆದು ಕೊಟ್ಟೆ. ನಮ್ಮಲ್ಲಿ ಒರಿಜಿನಲ್ ಕೊಡುವುದೆಂದರೆ ತೋರಿಸುವುದು. ಜೆರಾಕ್ಸ್ ಜೊತೆ ತಾಳೆ ನೋಡಿ ವಾಪಸ್ ಕೊಡುತ್ತಾರೆ. ಇವರು ನೋಡಲೂ ಇಲ್ಲ. ಗುಮಾಸ್ತರ ಕೈಗೆ ದಾಟಿಸಿದರು.

"ಇಲ್ಲೇ ಇರ್ಲಿ ಬಿಡ್ರಿ. ನಿಮ್ಮನ್ಯಾಗ ಇದ್ದಂಗ. ಎರಡ ವರ್ಷ ಆದಮ್ಯಾಲ ನಾನ ನಿಮ್ಮ ಕೈಯಾಗ ಕೊಡ್ತೇನಿ."

ಜೊತೆಗೊಂದು ಟೈಪು ಮಾಡಿದ ಹಾಳೆ. ಸುರಕ್ಷತೆಯ ದೃಷ್ಟಿಯಿಂದ, ನನ್ನ ಸ್ವಂತ ಇಚ್ಛೆಯಿಂದ, ಮೂಲ ದಾಖಲೆಗಳನ್ನು ಕಾಲೇಜಿನಲ್ಲಿ ಇಟ್ಟಿರುತ್ತೇನೆ. ಕೆಳಗೆ ಸಹಿ. ಕರಾರು ಕಾಯ್ದೆ ಓದಿದವಳು ನಾನು. ಅಂತರ ಕಾಲೇಜು ಚರ್ಚೆಗಳಲ್ಲಿ ಎದುರಾಳಿಯ ಬಾಯಿ ಮುಚ್ಚಿಸಿ ಕಪ್ ಗೆದ್ದವಳು. "ಆಗಲಿ ಸರ್," ಎಂದು ಸಹಿ ಹಾಕಿದೆ. ಚಹಾ ಇನ್ನೂ ಬಿಸಿ ಇತ್ತು.

ಮನೆಯನ್ನೂ ಅವರೇ ಕೊಡಿಸಿದರು. ಅವರ ಅಕ್ಕ ಶಾಂತಕ್ಕನ ಮಹಡಿ. ಮೈಸೂರಿನಲ್ಲಿ ಬಾಡಿಗೆಗೆ ಹೋದರೆ ಗೇಟಿನ ಆಚೆಯೇ ನಿಲ್ಲಿಸಿ, ಯಾವ ಜನ, ಮಾಂಸ ತಿನ್ನುತ್ತೀರಾ, ಸ್ನೇಹಿತರು ಬರುತ್ತಾರಾ ಎಂದೆಲ್ಲ ವಿಚಾರಣೆ ನಡೆಯುತ್ತದೆ. ಇಲ್ಲಿ ಒಂದು ಪ್ರಶ್ನೆಯೂ ಬರಲಿಲ್ಲ. ತಮ್ಮ ಹೇಳಿದ್ದ, ಮುಗಿಯಿತು. ನಾನು ಅದನ್ನು ಔದಾರ್ಯ ಅಂದುಕೊಂಡೆ. ಒಬ್ಬನೇ ಮನುಷ್ಯನ ಕೈಯಲ್ಲಿ ನನ್ನ ಸಂಬಳ, ಸೂರು, ಸರ್ಟಿಫಿಕೇಟು ಮೂರೂ ಸೇರಿಕೊಂಡಿವೆ ಎಂದು ಲೆಕ್ಕ ಹಾಕಲು ಮೂರು ತಿಂಗಳು ಬೇಕಾಯಿತು.

ಶಾಂತಕ್ಕನ ಬಾಯಿ ಮಾತ್ರ ನಿಜಕ್ಕೂ ಗಡಸು. ಮೊದಲ ವಾರ ನಾನು ರೊಟ್ಟಿಯ ಅಂಚು ಮುರಿದು ಮುರಿದು ತಿನ್ನುವುದನ್ನು ನೋಡಿ, "ಯವ್ವಾ, ಹಿಂಗ ಗುಬ್ಬಿ ತಿಂದಂಗ ತಿಂದ್ರ ಪಾಠ ಮಾಡಾಕ ದನಿ ಎಲ್ಲಿಂದ ಬರತೈತಿ? ನಿಮ್ಮವ್ವ ನಿನಗ ಬರೇ ಅನ್ನದ ಗಂಜಿ ಕುಡಿಸ್ಯಾಳೇನು?" ಎಂದರು. ರೊಟ್ಟಿಯನ್ನು ಒಂದೇ ಕೈಯಲ್ಲಿ ಮುರಿದು ಎಣ್ಣೆಗಾಯಿ ಪಲ್ಯ ತುಂಬಿಕೊಳ್ಳುವುದು ಬಂದ ದಿನ ನಾನು ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಬ್ಯಾಡಗಿಗೆ ಹೋಗಿ ಸೀನದೆ ವಾಪಸ್ ಬಂದದ್ದನ್ನೂ ಹೇಳಿದೆ. ಮೆಣಸಿನಕಾಯಿಯ ಸೀಸನ್ನಿನಲ್ಲಿ ಅಲ್ಲಿ ಬಸ್ಸು ನಿಲ್ಲುವ ಮೊದಲೇ ಹೊರಗಿನವರು ಯಾರು ಅನ್ನುವುದು ಮೂಗಿನಿಂದ ಗೊತ್ತಾಗಿಬಿಡುತ್ತದೆ. ಇವೆಲ್ಲ ಗೆಲುವುಗಳು. ಆದರೆ ಭಾನುವಾರದ ಮಧ್ಯಾಹ್ನಗಳಲ್ಲಿ, ಕೆಳಗೆ ಶಾಂತಕ್ಕನ ಮನೆ ನೆಂಟರಿಂದ ತುಂಬಿರುವಾಗ, ಮಹಡಿಯಲ್ಲಿ ಒಬ್ಬಳೇ ಕುಳಿತು ನನ್ನ ಕನ್ನಡವನ್ನು ನಾನೇ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಕೇಳಲು ಬೇರೆ ಯಾರೂ ಇರಲಿಲ್ಲ.

ಇಲ್ಲಿಯ ಇನ್ನೊಂದು ಪದ 'ಸಾವಕಾಶ'. ನಿಧಾನವಾಗಿ, ಅವಸರ ಬೇಡ ಎಂದರ್ಥ. ಕೇಳಿದಾಗ ಎಷ್ಟು ಚೆನ್ನಾಗಿತ್ತು! ಬ್ಯಾಂಕಿನಲ್ಲಿ ತೋರಿಸಬೇಕು, ಡಿಗ್ರಿ ಸರ್ಟಿಫಿಕೇಟ್ ಒಂದು ದಿನದ ಮಟ್ಟಿಗೆ ಕೊಡಿ ಎಂದು ಕಾರ್ಯದರ್ಶಿಗಳನ್ನು ಕೇಳಿದೆ. "ಸಾವಕಾಶ ನೋಡೂಣ್ರಿ." ಮತ್ತೆ ಕೇಳಿದೆ. "ಸಾವಕಾಶ್ರಿ ಮೇಡಂ." ಆಮೇಲೆ ಆ ಪದ ಕೇಳಿದರೆ ಹಲ್ಲು ಕಚ್ಚುವಂತಾಯಿತು.

ಇನ್ನು ತರಗತಿ. ನಮ್ಮ ಪಠ್ಯಪುಸ್ತಕಗಳಲ್ಲಿ ಜಗತ್ತಿನ ಎಲ್ಲ ವ್ಯವಹಾರವನ್ನೂ 'ಎ' ಮತ್ತು 'ಬಿ' ಎಂಬ ಇಬ್ಬರೇ ನಡೆಸುತ್ತಾರೆ. ಎ ತನ್ನ ಕುದುರೆಯನ್ನು ಬಿ-ಗೆ ಮಾರುತ್ತಾನೆ, ಬಿ ಮಾತು ತಪ್ಪುತ್ತಾನೆ. ಒಂದು ದಿನ ಹಿಂದಿನ ಬೆಂಚಿನಿಂದ ಒಬ್ಬ, "ಮೇಡಂ, ಈ ಎ-ಗ ಬಿ-ಗ ಬ್ಯಾರೆ ಕೆಲಸ ಇಲ್ಲೇನ್ರಿ? ಬರೇ ಜಗಳಾನ ಐತಲ್ರಿ," ಎಂದ. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಅದೇ ಉತ್ಸಾಹದಲ್ಲಿ, ಇನ್ನು ಎ, ಬಿ ಬೇಡ, ನಿಮ್ಮ ಊರಿನ, ನೀವು ಕಂಡ ಉದಾಹರಣೆ ಬರೆಯಿರಿ, ಹೆಸರು ಸಮೇತ ಬರೆಯಿರಿ ಎಂದೆ. ಭಾಷಣ ಬೇರೆ ಬಿಗಿದೆ: ಕಾನೂನು ಓದುವುದು ಅಂಜುವುದಕ್ಕಲ್ಲ.

ಆ ವಾರ ಅನುಚಿತ ಪ್ರಭಾವದ ಪಾಠ. ಇಬ್ಬರಲ್ಲಿ ಒಬ್ಬನು ಇನ್ನೊಬ್ಬನ ಮನಸ್ಸನ್ನು ಆಳುವ ಸ್ಥಾನದಲ್ಲಿದ್ದು, ಆ ಬಲದಿಂದ ಅನ್ಯಾಯದ ಲಾಭ ಪಡೆದರೆ, ಆ ಒಪ್ಪಿಗೆ ಮುಕ್ತ ಒಪ್ಪಿಗೆಯಲ್ಲ. ಕಿರುಪರೀಕ್ಷೆಯಲ್ಲಿ ಅದನ್ನೇ ಕೇಳಿದೆ. ಗುತ್ತಲದಿಂದ ದಿನಾ ಎರಡು ಬಸ್ ಬದಲಿಸಿ ಬರುವ ಶಾಹಿದಾ ಹೀಗೆ ಬರೆದಿದ್ದಳು:

"ನನ್ನ ಪಿಯುಸಿ ಅಂಕಪಟ್ಟಿ ನಮ್ಮ ಕಾಲೇಜಿನ ಕಪಾಟಿನಲ್ಲಿದೆ. ಸ್ವಂತ ಇಚ್ಛೆಯಿಂದ ಇಟ್ಟಿದ್ದೇನೆಂದು ನಮ್ಮಪ್ಪ ಮತ್ತು ನಾನು ಸಹಿ ಮಾಡಿದ್ದೇವೆ. ಮಾಡದಿದ್ದರೆ ಸೀಟು ಇರಲಿಲ್ಲ. ಪಾಠ ಹೇಳುವ ಮೇಡಂ ಅವರ ಒರಿಜಿನಲ್ಲೂ ಅಲ್ಲೇ ಇದೆ ಎಂದು ಕೇಳಿದ್ದೇನೆ. ಅವರ ಒಪ್ಪಿಗೆ ಮುಕ್ತವೇ ಎಂಬುದನ್ನು ಅವರೇ ಹೇಳಬೇಕು."

ಹತ್ತಕ್ಕೆ ಹತ್ತು ಕೊಟ್ಟೆ. ಓದುವಾಗ ಮುಖಕ್ಕೆ ಹೊಡೆದಂತಾಯಿತು, ನಿಜ. ಆದರೆ ಒಳ್ಳೆಯ ವಾದ ಒಳ್ಳೆಯ ವಾದವೇ. ನಮ್ಮ ಕಾಲೇಜಿನಲ್ಲಿ ಪ್ರತಿ ಪರೀಕ್ಷೆಯ ಅತ್ಯುತ್ತಮ ಮೂರು ಉತ್ತರಪತ್ರಿಕೆಗಳನ್ನು ತಪಾಸಣೆಗೆ ಬರುವವರಿಗಾಗಿ ಆಫೀಸಿನ ಫೈಲಿಗೆ ಸೇರಿಸಬೇಕು. ಅವಳದನ್ನು ಎಲ್ಲಕ್ಕಿಂತ ಮೇಲಿಟ್ಟು ನಾನೇ ಆಫೀಸಿಗೆ ಕೊಟ್ಟುಬಂದೆ. ಆ ಫೈಲನ್ನು ಆಫೀಸಿನವರು ಓದುತ್ತಾರೆಂದು ನನಗೆ ಹೊಳೆಯಲಿಲ್ಲ. ಬುದ್ಧಿವಂತಳಲ್ಲವೇ ನಾನು!

ಎರಡು ವಾರದ ಮೇಲೆ ಶಾಹಿದಾಳ ಹೆಸರು ಗ್ರಾಮ ಆಡಳಿತ ಅಧಿಕಾರಿ ಹುದ್ದೆಯ ಪಟ್ಟಿಯಲ್ಲಿ ಬಂತು. ನಾಲ್ಕನೆಯ ದಿನ ಬೆಳಿಗ್ಗೆ ಹಾವೇರಿಯಲ್ಲಿ ದಾಖಲೆ ಪರಿಶೀಲನೆ. ಪಿಯುಸಿ ಅಂಕಪಟ್ಟಿ ಮೂಲಪ್ರತಿಯೇ ಬೇಕು. ಮೂರು ದಿನವೂ ಅವಳಿಗೆ 'ಸಾವಕಾಶ' ಸಿಕ್ಕಿತು. ಪರಿಶೀಲನೆಯ ಹಿಂದಿನ ಮಧ್ಯಾಹ್ನ ಕಾರ್ಯದರ್ಶಿಗಳು ನಮ್ಮಿಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ಅವಳ ಉತ್ತರಪತ್ರಿಕೆ ಇತ್ತು, ನನ್ನ ಕೆಂಪು ಶಾಯಿಯ ಹತ್ತು ಎದ್ದು ಕಾಣುತ್ತಿತ್ತು.

"ಚಲೋ ಬರದಾಳ್ರಿ ಮೇಡಂ. ನೀವೂ ಚಲೋ ಕಲಿಸೀರಿ." ಅವರು ನಗುತ್ತಲೇ ಇದ್ದರು. "ತಂಗಿ, ನಾನೇನ ನಿನ್ನ ಕೈ ಹಿಡದ ಸಹಿ ಮಾಡಿಸೇನೇನು?"

"ಇಲ್ರಿ ಸರ್."

"ಹಂಗಿದ್ರ ಅದನ್ನ ಬರದ ಕೊಡು. ಪರೀಕ್ಷಾದಾಗ ತಿಳೀದ ಬರದೇನಿ, ನನ್ನ ಮ್ಯಾಲ ಯಾರೂ ಒತ್ತಾಯ ಮಾಡಿಲ್ಲ, ಅಂತ. ಮೇಡಮ್ಮಾರು ಸಾಕ್ಷಿ ಹಾಕ್ತಾರ. ಈಗಿಂದೀಗ ನಿನ್ನ ಮಾರ್ಕ್ಸ್ ಕಾರ್ಡ್ ಕೊಡ್ತೇನಿ. ನಿನಗ ನೌಕರಿ ಸಿಕ್ಕರ ನಮಗ ಹೆಮ್ಮಿ ಅಲ್ಲೇನು?"

ನೋಡಿ, ಯಾವ ಪಠ್ಯಪುಸ್ತಕದಲ್ಲೂ ಇಷ್ಟು ಶುದ್ಧವಾದ ಉದಾಹರಣೆ ಇಲ್ಲ. ಒತ್ತಾಯವಿಲ್ಲ ಎಂದು ಬರೆಸಿಕೊಳ್ಳುವ ಒತ್ತಾಯ. ನನ್ನೊಳಗೆ ವಾದಗಳು ಸಾಲುಗಟ್ಟಿ ನಿಂತವು: ಕಾಯ್ದೆ ಹೀಗನ್ನುತ್ತದೆ, ಮೂಲ ದಾಖಲೆ ಪರಿಶೀಲಿಸಿ ಮರಳಿಸಬೇಕೆಂಬ ನಿಯಮವಿದೆ, ದೂರು ಕೊಡಬಹುದು, ನಕಲು ಪ್ರತಿಗೆ ಅರ್ಜಿ ಹಾಕಬಹುದು. ಎಲ್ಲವೂ ಸರಿ. ಒಂದೂ ನಾಳೆ ಬೆಳಿಗ್ಗೆಯೊಳಗೆ ಹಾವೇರಿ ಮುಟ್ಟುವಂಥದ್ದಲ್ಲ. "ಸರ್, ಇದು ಸರಿಯಲ್ಲ," ಎಂದೆ. ಅಷ್ಟೇ ಹೊರಬಂತು.

"ಯಾವುದ್ರಿ ಮೇಡಂ?" ಎಂದು ಅವರು ನಿಜವಾಗಿಯೂ ತಿಳಿಯದವರಂತೆ ಕೇಳಿದರು. ಕಪಾಟಿನ ಕಡೆ ಒಮ್ಮೆ ನೋಡಿದರು. ಬೇರೇನೂ ಮಾಡಲಿಲ್ಲ.

ಶಾಹಿದಾ ಕೈ ಚಾಚಿದಳು. "ಮೇಡಂ, ನಿಮ್ಮ ಪೆನ್ ಕೊಡ್ರಿ."

ಕೊಟ್ಟೆ. ಅವಳು ಬರೆದಳು. ಅದೇ ಪೆನ್ನಿನಿಂದ ನಾನು ಸಾಕ್ಷಿ ಎಂದು ಸಹಿ ಹಾಕಿದೆ.

ಸಂಜೆ ಶಾಂತಕ್ಕನಿಗೆ ಎಲ್ಲ ಹೇಳಿದೆ. ತಮ್ಮನ ಪರ ಮಾತಾಡುತ್ತಾರೆಂದು ಕಾದೆ. ಶೇಂಗಾ ಸುಲಿಯುವುದನ್ನು ನಿಲ್ಲಿಸದೆ, "ಅಂವ ಸಣ್ಣವ ಇದ್ದಾಗಿಂದ ಹಂಗ. ಬೈಯೂದಿಲ್ಲ, ಹೊಡಿಯೂದಿಲ್ಲ, ಇಸ್ಕೊಂಡದ್ದನ್ನ ಕೊಡೂದಿಲ್ಲ. ಆದ್ರ ನೀ ಯಾಕ ಸಹಿ ಹಾಕ್ದಿ? ಅಕಿ ಹುಡುಗಿ, ಅಕಿಗ ನೌಕರಿ ಬೇಕಾಗಿತ್ತು. ನಿನಗೇನ ಬೇಕಾಗಿತ್ತು?" ಎಂದರು. ಈ ಊರಿನ ಗಡಸು ಮಾತು ಇದು. ಇದನ್ನು ನನ್ನ ಮುಖಕ್ಕೆ ಹೇಳಿದವರು ಇವರೊಬ್ಬರೇ.

ಮೈಸೂರಿನ ಗೆಳತಿಗೆ ಫೋನಿನಲ್ಲಿ ಹೇಳಿದಾಗ ಸಿಕ್ಕ ಉತ್ತರ ಬೇರೆ. "ಕೊನೆಗೆ ಕೊಟ್ಟರಲ್ಲ, ಒಳ್ಳೇ ಮನುಷ್ಯ ಪಾಪ. ಅದಕ್ಕೇ ಹೇಳಿದ್ದು, ಆ ಕಡೆಯವರ ಮನಸ್ಸು..." ಫೋನ್ ಇಟ್ಟುಬಿಟ್ಟೆ. ಬಿಟ್ಟು ಬಾ ಎನ್ನುತ್ತಾಳೆ ಅಮ್ಮ. ಬರಬಹುದು. ಆದರೆ ನಾನು ಯಾರೆಂದು ಹೇಳುವ ಕಾಗದಗಳೆಲ್ಲ ಇಲ್ಲಿವೆ. ಊರಿಗೆ ಹೋದರೆ ನನ್ನದೆಲ್ಲ ಜೆರಾಕ್ಸ್. ಅಲ್ಲಿ ನನ್ನ ಬಾಯಿಂದ 'ಐತಿ' ಬಿದ್ದರೆ ತಂಗಿ ನಗುತ್ತಾಳೆ. ಇಲ್ಲಿ ಎಷ್ಟು 'ಐತಿ' ಅಂದರೂ ನಾನು 'ಮೈಸೂರ ಮೇಡಂ'. ಸುಳ್ಳು ಹೇಳುವುದಿಲ್ಲ, ಬಿಟ್ಟುಹೋಗುವ ಯೋಚನೆ ಬಂದಾಗ ಆ ಹಿಂದಿನ ಬೆಂಚಿನ ನಗುವೂ ಶಾಂತಕ್ಕನ ಬೈಗುಳವೂ ಕಾಲು ಹಿಡಿಯುತ್ತವೆ. ಬೀಗ ಮಾತ್ರ ಹಿಡಿದಿಟ್ಟಿದ್ದರೆ ಸಿಟ್ಟಾಗುವುದು ಸಲೀಸಾಗಿರುತ್ತಿತ್ತು.

ಹಾವೇರಿಯ ಪರಿಶೀಲನೆ ಸುಸೂತ್ರವಾಗಿ ಮುಗಿಯಿತಂತೆ. ಮೊನ್ನೆ ಶಾಹಿದಾ ರಾಣೇಬೆನ್ನೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಅವತ್ತು ಗಡಿಬಿಡಿಯಲ್ಲಿ ಮೇಜಿನ ಮೇಲಿಂದ ಅವಳು ಎತ್ತಿಕೊಂಡು ಹೋಗಿದ್ದ ನನ್ನ ಪೆನ್ನನ್ನು ಬ್ಯಾಗಿನಿಂದ ತೆಗೆದು ಕೊಟ್ಟಳು. "ಮರತ ಒಯ್ದಿದ್ದೆ, ಸಿಟ್ಟ ಆಗಬ್ಯಾಡ್ರಿ ಮೇಡಂ." ಬಸ್ಸು ಬಂದು ನಿಂತಿತ್ತು. ಬರುವ ತಿಂಗಳು ಹೊಸ ತಂಡಕ್ಕೆ ಅದೇ ಪಾಠ ಮತ್ತೆ ಮಾಡಬೇಕು ನಾನು. ಅವಳು ಮೆಟ್ಟಿಲ ಮೇಲೆ ಕಾಲಿಟ್ಟಾಗ ಕೇಳಿಯೇಬಿಟ್ಟೆ:

"ಶಾಹಿದಾ, ನಾಳೆ ಯಾರಾದರೂ ಆ ಕಾಗದ ತೆಗೆದು, ನೀನು ಒಪ್ಪಿ ಬರೆದದ್ದು ನಿಜವೇ ಎಂದು ಸಾಕ್ಷಿಯನ್ನು ಕರೆದು ಕೇಳಿದರೆ, ನಾನು ಏನು ಹೇಳಲಿ?"