ಕಡಲಿಗೆ ಕೊಟ್ಟ ಕಾಯಿ

ಮಗನ ಉದ್ಯೋಗ ಏನೆಂದು ನೆಂಟರು ಕೇಳಿದರೆ ಸುಂದರಿಯಕ್ಕ ಮಾತು ಬದಲಿಸುತ್ತಾರೆ. ಲಕ್ಷಿತ್ ಕಡಲಿಗೆ ಇಳಿಯುತ್ತಾನೆ, ಆದರೆ ಮೀನು ಹಿಡಿಯುವುದಿಲ್ಲ. ಮನೆಯೆತ್ತರದ ತೆರೆ ಎದ್ದಾಗ ಬುದ್ಧಿಯಿದ್ದವರು ದಡಕ್ಕೆ ಓಡಿದರೆ ಇವನು ಹಲಗೆ ಹಿಡಿದು ಅದರ ನೆತ್ತಿಯಿಂದ ಜಾರುತ್ತಾನೆ. ಈ ಘನಕಾರ್ಯಕ್ಕೆ ಒಂದು ಕಂಪನಿ ಸಂಬಳವನ್ನೂ ಕೊಡುತ್ತದೆ. ಕೊಡದ ತಿಂಗಳು ಅರಬರ ನಾಡಿನ ಸಲಾಲಾ ಬಂದರಿನ ಆಫೀಸಿನಲ್ಲಿ ದುಡಿಯುವ ಸೊಸೆ ಸುಪ್ರೀತಾ ಇದ್ದಾಳೆ. ಗಂಡನ ಬಗ್ಗೆ ಕೇಳಿದವರಿಗೆ ಅವಳು "ಸ್ಪೋರ್ಟ್ಸ್" ಎಂದಷ್ಟೇ ಹೇಳುತ್ತಾಳೆ. ಕೇಳಿದವರು ಕ್ಯಾರಂ ಎಂದುಕೊಂಡರೆ ತಿದ್ದುವುದಿಲ್ಲ.

ಈ ಸಲ ಸಲಾಲಾದ ಮಳೆಗಾಲ, ಅಂದರೆ ಖರೀಫ್, ಜಿಟಿಜಿಟಿ ಹಿಡಿದಾಗ ಸುಂದರಿಯಕ್ಕ ವಿಸಿಟ್ ವೀಸಾದಲ್ಲಿ ಮಗನ ಮನೆಗೆ ಬಂದಿದ್ದರು. ದೊಡ್ಡ ತೆರೆಗಳು ಬರುವುದೂ ಆಗಲೇ. ಕಂಪನಿಯ ಕ್ಯಾಮರಾದವನು ಮ್ಯಾಕ್ಸ್‌ವೆಲ್ ಬಂದಿಳಿದ, ಸರಕಾರದ ಪರವಾನಗಿ ಸಿಕ್ಕಿತು. ಅಮ್ಮನದು ಮಾತ್ರ ಸಿಗಲಿಲ್ಲ.

"ನೂಲ ಹುಣ್ಣಿಮೆಗೆ ಮೊದಲು ಕಡಲಿಗೆ ಕಾಲಿಡ್ಲಿಕ್ಕಿಲ್ಲ. ನಿನ್ನ ಅಪ್ಪ ಮಲ್ಪೆಯಲ್ಲಿ ಅಷ್ಟು ವರ್ಷ ಬೋಟಿನ ತಾಂಡೇಲ ಆಗಿದ್ದವರು. ಕಾಯಿ, ಹಾಲು ಕೊಡದೆ ಒಂದು ದಿನ ಇಳಿದದ್ದುಂಟಾ?"

"ತೆರೆ ಇರುವುದು ಈ ವಾರ ಅಮ್ಮ. ಹುಣ್ಣಿಮೆಗೆ ಕಾದ್ರೆ ನನ್ನ ಕಾಂಟ್ರಾಕ್ಟ್ ಖಲಾಸ್."

"ಕಾಯಿ ಈಗಲೇ ಕೊಟ್ರೆ ಆಗ್ಲಿಕ್ಕಿಲ್ವಾ ಅತ್ತೆ?" ಎಂದಳು ಸುಪ್ರೀತಾ.

ಸುಂದರಿಯಕ್ಕ ಒಪ್ಪಿದರು. ಆದರೆ ಕಡಲು ಕಾಯನ್ನು ಹಿಂದಕ್ಕೆ ತಳ್ಳಿದರೆ ಅಪ್ಪಣೆ ಇಲ್ಲವೆಂದು ಅರ್ಥ. ಅದು ಅವರ ಅತ್ತೆಯ ಕಾಲದ ಶಾಸ್ತ್ರ. ಮಳೆಗಾಲದ ಕಡಲು ಹೆಣವನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಒಪ್ಪಿದ್ದರು.

ಮರುದಿನ ಎಲ್ಲರೂ ಕಿನಾರೆಗೆ ಹೋದರು. ಪೂಜೆಯಲ್ಲಿ ತೆಗೆಯುವಂಥದ್ದೇನಿದೆ ಎಂದು ಮ್ಯಾಕ್ಸ್‌ವೆಲ್ ಕ್ಯಾಮರಾವನ್ನು ಕಾರಿನಲ್ಲೇ ಬಿಟ್ಟ. ಲಕ್ಷಿತ್ ಹಾಲೆರೆದು ಕಾಯಿ ಎಸೆದ. ಅದು ಬಂದು ಅವನ ಕಾಲಬುಡದಲ್ಲೇ ನಿಂತಿತು. ಇನ್ನೂ ಜೋರಾಗಿ ಎಸೆದ. ಇನ್ನೂ ಬೇಗ ಬಂತು.

"ಆಯ್ತಲ್ಲ? ಯಲ್ಲಾ, ನಡಿ, ಮನೆಗೆ ಹೋಗುವ. ಗಂಜಿ ತಣಿತದೆ," ಎಂದರು ಸುಂದರಿಯಕ್ಕ.

"ಆಚೆ ಬಿಟ್ಟು ಬರ್ತೇನಮ್ಮ," ಎಂದವನೇ ಲಕ್ಷಿತ್ ಕಾಯನ್ನು ಅಂಗಿಯೊಳಗೆ ತುರುಕಿ, ಹಲಗೆ ಹಿಡಿದು ನೀರಿಗೆ ಬಿದ್ದ. ಕಡಲಿಗಿಳಿಯಲು ಅಪ್ಪಣೆ ಕೇಳುವುದಕ್ಕೆಂದೇ ಕಡಲಿಗಿಳಿದ ಮಹಾನುಭಾವ!

ತೆರೆಗಳಾಚೆ ಕಾಯಿ ಬಿಟ್ಟು ತಿರುಗುವಾಗ ದೊಡ್ಡದೊಂದು ಎದ್ದಿತು. ಅದರ ಮೇಲೆ ಲಕ್ಷಿತ್ ನೆಟ್ಟಗೆ ನಿಂತ. ಮಗನ ಕೆಲಸವನ್ನು ಸುಂದರಿಯಕ್ಕ ಕಣ್ಣಾರೆ ಕಂಡದ್ದು ಅದೇ ಮೊದಲು. ಎದೆ ಉಬ್ಬಿತು, ನಾಚಿಕೆಯಿಲ್ಲದೆ ಉಬ್ಬಿತು. ಅಷ್ಟರಲ್ಲಿ ತೆರೆ ಮುರಿದು ಬಿತ್ತು. ಬರೀ ನೊರೆ. ಮೊದಲು ಬಂದದ್ದು ಅರ್ಧ ಹಲಗೆ.

ಸುಪ್ರೀತಾ ಕೂಗುತ್ತಿದ್ದಳು. ಸುಂದರಿಯಕ್ಕ ಮೊಣಕಾಲುದ್ದ ನೀರಿನಲ್ಲಿದ್ದರು. ನೂಲ ಹುಣ್ಣಿಮೆಯ ನೆನಪು ಅವರಿಗಿರಲಿಲ್ಲ. "ನನಗೆ ಎಲ್ಲ ಹಿಂದೆ ಕೊಡು ತಾಯೀ, ಏನನ್ನೂ ಇಟ್ಟುಕೊಳ್ಬೇಡ," ಎನ್ನುತ್ತಿದ್ದರು.

ಲಕ್ಷಿತ್ ಕೆಮ್ಮುತ್ತಾ, ತೆವಳುತ್ತಾ ಬಂದ. ಸುಂದರಿಯಕ್ಕ ಅವನ ಕೆನ್ನೆಗೆ ಒಂದು ಬಿಟ್ಟು, ಅಪ್ಪಿಕೊಂಡು ಅತ್ತರು. ಅವನ ಬೆನ್ನಿಗೇ ಕಾಯಿ ಉರುಳುತ್ತಾ ಬಂದು ಅವರ ಕಾಲಿಗೆ ತಾಗಿತು.

ಲಕ್ಷಿತ್ ಅದನ್ನು ನೋಡಿದ. ಅವನ ಮುಖ ಬಾಡಿತು. "ಆಯ್ತಮ್ಮ. ಮ್ಯಾಕ್ಸ್‌ವೆಲ್‌ಗೆ ನಾಳೆ ಶೂಟಿಂಗ್ ಇಲ್ಲ ಅಂತ ಹೇಳ್ತೇನೆ."

ಸುಂದರಿಯಕ್ಕ ಕಾಯನ್ನು ಎತ್ತಿಕೊಂಡರು. ಅವರೇ ಹಚ್ಚಿದ ಕುಂಕುಮ ಒಂದು ಬದಿಯಲ್ಲಿ ಇನ್ನೂ ಉಳಿದಿತ್ತು. ಹೆಬ್ಬೆರಳಿನಿಂದ ಅದನ್ನು ಉಜ್ಜಿ ತೆಗೆದರು.

"ಇದು ಬೇರೆ ಯಾರದ್ದೋ ಕಾಯಿ ಮಾರಾಯ," ಎಂದರು.