ಹೊಳೆಗೆ ಬಿಡದ ಗುಡಾಣಯ್ಯ

ಗುಡಾಣಯ್ಯನನ್ನು ನಾನು ಹೊಳೆಗೆ ಬಿಟ್ಟಿರಲಿಲ್ಲ. ಬಿಟ್ಟೆನೆಂದು ಸುಳ್ಳು ಹೇಳಿ, ಹೊಳೇನರಸೀಪುರದ ನನ್ನ ಎಲೆಕ್ಟ್ರಿಕಲ್ ಅಂಗಡಿಯ ಅಟ್ಟದ ಮೇಲೆ, ಸ್ಟ್ಯಾಂಡ್ ಫ್ಯಾನಿನ ಖಾಲಿ ಡಬ್ಬದಲ್ಲಿ ಮಲಗಿಸಿಟ್ಟುಕೊಂಡಿದ್ದೆ. ಹೆಸರಿಲ್ಲದ ಖಾತೆಯಿಂದ ಅದರ ಫೋಟೊ ಹಾಕಿ ಗೊಂಬೆ ಮೇಳದ ಮಂಜುಳಳನ್ನು ನಿಮ್ಮ ಬಾಯಿಗೆ ಕೊಟ್ಟವನೂ ನಾನೇ. ಗುಡಾಣಯ್ಯನ ಅಭಿಮಾನಿಗಳ ಈ ಬಳಗ ಕಟ್ಟಿದವನು, ಹೋದ ತಿಂಗಳು ಹಾಸನದ ಹೋಟೆಲಿನಲ್ಲಿ ನಿಮ್ಮ ಕೈಯಿಂದಲೇ ಶಾಲು ಹೊದೆಸಿಕೊಂಡವನು — ನಾನೇ.

ಹೊಸದಾಗಿ ಸೇರಿದವರೂ ಇದ್ದೀರಿ, ಅವರಿಗಾಗಿ ಮೊದಲಿಂದ ಹೇಳುತ್ತೇನೆ. ಗುಡಾಣಯ್ಯ ನುಗ್ಗೇಹಳ್ಳಿ ಕಡೆಯ ರಂಗಪ್ಪನವರ ಸೂತ್ರದ ಗೊಂಬೆ ಮೇಳದ ಹಾಸ್ಯಗಾರ. ಗುಡಾಣದಂಥ ಹೊಟ್ಟೆ, ತೊಗಲಿನ ಕೀಲಿನ ಮೇಲೆ ಲಟಲಟ ಆಡುವ ದವಡೆ. ನಾವೆಲ್ಲ ಚಡ್ಡಿ ಹಾಕುತ್ತಿದ್ದ ಕಾಲಕ್ಕೆ ಭಾನುವಾರ ಬೆಳಗ್ಗೆ ಟೀವಿಯಲ್ಲಿ ಬರುತ್ತಿದ್ದ, ಅರಳಿಕಟ್ಟೆಯ ಮೇಲೆ ಕೂತು ಊರ ಜಗಳಕ್ಕೆಲ್ಲ ತಲೆಕೆಟ್ಟ ತೀರ್ಪು ಕೊಡುತ್ತಿದ್ದ. ಆಮೇಲೆ ಕ್ಯಾಸೆಟ್ ಬಂತು, ನೋಟ್‌ಬುಕ್ಕಿನ ರಟ್ಟಿನ ಮೇಲೆ ಅವನ ಮುಖ ಬಂತು, ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಪ್ಲಾಸ್ಟಿಕ್ ಗುಡಾಣಯ್ಯಂದಿರು ನೇತಾಡಿದರು. ಟೀವಿಯವರು ನಿಲ್ಲಿಸಿದ ಮೇಲೂ ರಂಗಪ್ಪನವರು ಊರೂರಲ್ಲಿ ಆಡಿಸುತ್ತಲೇ ಇದ್ದರು. ಅದನ್ನು ನಾವು ನೋಡಲಿಲ್ಲ. ನಾವು ಅಭಿಮಾನಿಗಳಾಗಿದ್ದೆವು.

ಗುಡಾಣಯ್ಯ ಈ ಕಾಲಕ್ಕೆ ಹೇಗೆ ಒಗ್ಗಬೇಕು — ಎಷ್ಟು ವರ್ಷ ಅರೆದಿದ್ದೇವೆ ಇದನ್ನು. ಅವನ ಕೈಗೆ ಮೊಬೈಲ್ ಕೊಡಬೇಕೆಂದು ಒಬ್ಬರು. ಹೊಟ್ಟೆ ಕರಗಿಸಬೇಕು, ದಪ್ಪಗಿದ್ದವರನ್ನು ನೋಡಿ ನಗುವುದು ಈಗ ಸಲ್ಲದು ಎಂದು ಇನ್ನೊಬ್ಬರು. ಹಾಗೆಂದವರ ಹೊಟ್ಟೆಯೇ ಫೋಟೊದ ಚೌಕಟ್ಟಿನಲ್ಲಿ ಹಿಡಿಸುವುದಿಲ್ಲ. ಹಾಸನದ ಲೆಕ್ಚರರ್ ಒಬ್ಬರು ಪಂಚೆಯ ಅಂಚು ಹಸಿರೇ ಇರಬೇಕೆಂದು ವಾರಗಟ್ಟಲೆ ಬರೆದರು. ಚಂದ್ರಲೋಕಕ್ಕೆ ಕಳಿಸಬೇಕೆಂದವರೂ ಇದ್ದರು. ನಡುನೆತ್ತಿ ಬೋಳಾದ ಗಂಡಸರು ಒಂದು ಮರದ ಗೊಂಬೆಗಾಗಿ ಬಳಗ ಬಿಟ್ಟು ಹೋಗುವುದು, ಮತ್ತೆ ಬಂದು ಸೇರುವುದು. ಹಿರೀಸಾವೆಯಲ್ಲಿ ರಂಗಪ್ಪನವರ ಆಟ ಇದೆ, ಬನ್ನಿ ಎಂದರೆ ಮಾತ್ರ ಅಷ್ಟೂ ಜನಕ್ಕೆ ಅವತ್ತೇ ನೆಂಟರ ಮದುವೆ. ಮಕ್ಕಳನ್ನು ಕೇಳೋಣ ಎಂದು ಒಬ್ಬರ ಬಾಯಲ್ಲೂ ಬರಲಿಲ್ಲ. ನಿಮ್ಮನ್ನು ಹೀಗೆ ಆಡಿಕೊಳ್ಳುತ್ತಿದ್ದೇನಲ್ಲ — ಆ ಗುಂಪಿನಲ್ಲಿ ಅತ್ಯಂತ ಗಟ್ಟಿಯಾಗಿ ಕೂಗುತ್ತಿದ್ದ ಗಂಟಲು ನನ್ನದೇ. ಗುಡಾಣಯ್ಯನ ಒಂದು ಕೂದಲನ್ನೂ ಮುಟ್ಟಕೂಡದು ಎನ್ನುವ ಪಕ್ಷ ನಮ್ಮದು.

ರಂಗಪ್ಪನವರಿಗೆ ಲಕ್ವ ಹೊಡೆದ ವರ್ಷ, ಬಳಗದ ಸುದ್ದಿ ಕೇಳಿ ನನ್ನನ್ನು ಕರೆಸಿದರು. ಗೊಂಬೆಗೆ ಹುಳು ಬಿದ್ದಿತ್ತು, ಕುತ್ತಿಗೆ ನಿಲ್ಲುತ್ತಿರಲಿಲ್ಲ. ಮಗಳು ಮಂಜುಳ ಹೊಸ ಗುಡಾಣಯ್ಯನನ್ನು ಕೆತ್ತಿ ಮುಗಿಸಿದ್ದಳು. ಮುಖಕ್ಕೆ ಬಣ್ಣ ಆಗಿತ್ತು, ಕಣ್ಣಿನ ಜಾಗ ಮಾತ್ರ ಬೋಳಾಗಿತ್ತು. ಆ ಮೇಳದವರ ಪದ್ಧತಿ ಅದು: ಒಂದು ಪಾತ್ರಕ್ಕೆ ಒಂದೇ ಜೊತೆ ಕಣ್ಣು. ಹಳೆಯದು ನೀರು ಸೇರುವವರೆಗೆ ಹೊಸದಕ್ಕೆ ಕಣ್ಣು ಬರೆಯುವಂತಿಲ್ಲ.

"ಆಡಿಸಿದ್ ಕೈ ಮುಳುಗಿಸ್ಬಾರ್ದು ಕಣಪ್ಪ," ಎಂದರು ರಂಗಪ್ಪನವರು, ಸೊಟ್ಟಗಾದ ಬಾಯಲ್ಲಿ, ನಿಧಾನವಾಗಿ. "ನಾನೂ ಆಡ್ಸಿವ್ನಿ, ಮಂಜೂನೂ ಆಡ್ಸವ್ಳೆ. ನಮ್ಗೆ ಬರಾಕಿಲ್ಲ. ನಮ್ ಕಡೆ ಇರೋದು ಕೆರೆ, ನಿಂತ್ ನೀರು. ನೀನು ಒಳೆ ದಂಡೇಲಿರೋನು. ಅವನ್ ಮ್ಯಾಲೆ ಆಸೆ ಇಟ್ಕಂಡಿರೋನು. ನೀನೇ ಬುಟ್ಬುಡು."

ಆಸೆ ಇಟ್ಟುಕೊಂಡಿರುವವನು ಎಂದೇ ನಂಬಿ ಕೊಟ್ಟರು. ಅಭಿಮಾನಿ ಎಂದರೇನೆಂದು ಆ ಮನುಷ್ಯನಿಗೆ ಗೊತ್ತಿರಲಿಲ್ಲ, ಪಾಪ.

ಹೇಮಾವತಿಯ ಮೆಟ್ಟಿಲವರೆಗೆ ಹೋದೆ, ಅದು ನಿಜ. ಮಡಿಲಲ್ಲಿಟ್ಟುಕೊಂಡು ದವಡೆಯ ದಾರ ಎಳೆದೆ. ಅದು ಬಾಯಿ ಬಿಟ್ಟಿತು. ನನ್ನ ಬಾಲ್ಯ ಪೂರ್ತಿ ನನ್ನೊಬ್ಬನ ಕೈಯಲ್ಲಿದೆ, ನಿಮ್ಮಲ್ಲಿ ಯಾರಿಗೂ ಇಲ್ಲದ್ದು ನನಗಿದೆ — ಆಗ ಅನಿಸಿದ್ದು ಅಷ್ಟೇ. ಭಕ್ತಿಯೂ ಅಲ್ಲ, ಕಲೆಯ ಉಳಿವೂ ಅಲ್ಲ. ಟವೆಲ್ಲಿನಲ್ಲಿ ಸುತ್ತಿಕೊಂಡು ವಾಪಸು ಬಂದೆ. ಅಂಗಡಿಯಿಂದಲೇ ಮಂಜುಳಳಿಗೆ ಫೋನ್ ಮಾಡಿ ಬಿಟ್ಟಾಯಿತು ಎಂದೆ. "ಒಳ್ಳೇದಾಯ್ತಣ್ಣ," ಎಂದಳು. ಅವತ್ತು ಸಂಜೆ ಅವಳು ಹೊಸ ಗೊಂಬೆಗೆ ಕಣ್ಣು ಬರೆದಳು.

ರಂಗಪ್ಪನವರು ತೀರಿಕೊಂಡ ಮೇಲೆ ಮಂಜುಳ ಮೇಳವನ್ನು ಕೈಗೆ ತೆಗೆದುಕೊಂಡಳು. ಚನ್ನರಾಯಪಟ್ಟಣದ ಕಲ್ಯಾಣ ಮಂಟಪದಲ್ಲಿ ಹೊಸ ಗುಡಾಣಯ್ಯನ ಮೊದಲ ಆಟ. ಹಳೆಯವನನ್ನು ಹೊಳೆಗೆ ಬಿಟ್ಟೆವೆಂದು ಆಟಕ್ಕೆ ಮುಂಚೆ ಹೇಳಿದಳು, ಬಿಟ್ಟವನು ಯಾರೆಂದು ಹೇಳಲಿಲ್ಲ. ತೀರ್ಪು ಹೇಳುವ ಮುಂಚೆ ಹೆಂಡತಿಯನ್ನು ಒಂದು ಮಾತು ಕೇಳಿ ಬರುತ್ತೇನೆಂದು ಪರದೆಯ ಹಿಂದಕ್ಕೆ ಓಡಿಹೋಗುವ ಗುಡಾಣಯ್ಯ, ಬಂದು ಮೊದಲು ಹೇಳಿದ್ದನ್ನೇ ತಿರುಗಿಸುವ ಗುಡಾಣಯ್ಯ, ದನಿ ಮಂಜುಳಳದೇ. ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನು ಹಿಂದಿನ ಸಾಲಿನಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದೆ. ನಮ್ಮ ಅಷ್ಟು ವರ್ಷಗಳ ಚರ್ಚೆಯಲ್ಲಿ ಒಂದು ಸಾಲನ್ನೂ ಅವಳು ಓದಿರಲಿಲ್ಲ, ಓದದೆಯೇ ಗುಡಾಣಯ್ಯನನ್ನು ಈ ಕಾಲಕ್ಕೆ ತಂದು ನಿಲ್ಲಿಸಿದ್ದಳು. ಅದನ್ನು ನನ್ನ ಕೈಯಲ್ಲಿ ತಡೆದುಕೊಳ್ಳಲಾಗಲಿಲ್ಲ.

ಮಾರನೆಯ ದಿನವೇ ಆ ಫೋಟೊ. "ಅಸಲಿ ಗುಡಾಣಯ್ಯ ಇನ್ನೂ ಇದ್ದಾನೆ. ಹೊಳೆಗೆ ಬಿಟ್ಟೆವೆಂದು ಹೇಳಿದವರನ್ನು ಕೇಳಿ." ಇಷ್ಟೇ ಬರೆದೆ. ಮಿಕ್ಕದ್ದು ನಿಮ್ಮದು. ಹೊಟ್ಟೆ ಕರಗಿಸಬೇಕೆಂದವರು, ಹಸಿರು ಅಂಚಿನವರು, ಚಂದ್ರಲೋಕದವರು, ಹುಟ್ಟಿದಾಗಿನಿಂದ ಒಮ್ಮತ ಕಾಣದ ಬಳಗಕ್ಕೆ ಅವತ್ತು ಒಮ್ಮತ ಬಂತು. ಅವಳು ಗೊಂಬೆ ಮಾರಿಕೊಂಡಳು ಎಂದಿರಿ. ಅಪ್ಪ ಹಾಸಿಗೆ ಹಿಡಿದಿದ್ದಾಗಲೇ ಕದ್ದಳು ಎಂದಿರಿ. ಇದ್ದ ಒಂದು ಪದ್ಧತಿಯನ್ನೂ ಕೆಡಿಸಿದ ಹೆಂಗಸಿಗೆ ಮೇಳ ಯಾಕೆ ಎಂದು ಆ ಲೆಕ್ಚರರ್ ಕೇಳಿದರು. ಹಾಸನದಲ್ಲಿ ಒಪ್ಪಿಕೊಂಡಿದ್ದ ಆಟ ನಿಂತುಹೋಯಿತು.

ಅವಳು ನನಗೆ ಫೋನ್ ಮಾಡಿದಳು. ಅಳಲಿಲ್ಲ.

"ಅಣ್ಣ, ನೀವು ಬುಟ್ರಿ ತಾನೆ? ನಾನ್ ಬುಟ್ಟೆ ಅಂತ ನಿಮ್ ಬಳಗ್ದಲ್ಲೊಂದ್ ಮಾತ್ ಏಳಿ. ನೀವೇಳಿದ್ರೆ ನಂಬ್ತಾರೆ."

"ಬಿಟ್ಟೆ ಕಣಮ್ಮ," ಎಂದೆ. "ಯಾವುದೋ ಹಳೇ ಫೋಟೊ ಇರ್ಬೇಕು. ಹೇಳ್ತೀನಿ."

ಹೇಳಲಿಲ್ಲ. ಬಳಗದಲ್ಲಿ ಬರೆದದ್ದು — ನೆನಪಿದೆಯೋ ನಿಮಗೆ — 'ಎರಡೂ ಕಡೆಯವರು ಸಂಯಮ ಕಾಪಾಡಬೇಕು, ಸತ್ಯ ತಾನಾಗಿಯೇ ಹೊರಬರುತ್ತದೆ.' ಅಡ್ಡಗೋಡೆಯ ಮೇಲೆ ದೀಪ ಇಡುವುದು ಎಂದರೆ ಇದೇ. ಅದಕ್ಕೆ ನೀವೆಲ್ಲ ಕೈ ಮುಗಿಯುವ ಚಿತ್ರ ಕಳಿಸಿದಿರಿ. ಮಂಜುಳ ಮತ್ತೆ ಕೇಳಲಿಲ್ಲ.

ಹೋದ ತಿಂಗಳು 'ಅಸಲಿತನದ ಕಾವಲುಗಾರ' ಎಂದು ನನಗೆ ಶಾಲು ಹೊದೆಸಿದಿರಿ. ಅಸಲಿ ಗೊಂಬೆ ಸಿಕ್ಕಿದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಗುಡಾಣಯ್ಯನಿಗೆ ಮರುಜೀವ ಕೊಡಬಹುದೆಂದು ಭಾಷಣ ಮಾಡಿದಿರಿ. ಗಾಜಿನ ಪೆಟ್ಟಿಗೆಯಲ್ಲಿ ಮರುಜೀವ. ನಾನು ಕೂತಲ್ಲೇ ತಲೆಯಾಡಿಸಿದೆ, ಮಸಾಲೆದೋಸೆ ತಿಂದೆ, ಶಾಲಿನ ಸಮೇತ ಮನೆಗೆ ಬಂದೆ. ಆ ಶಾಲು ಕಂಡರೆ ಹೇಸಿಗೆ, ಅದನ್ನು ಹೊದ್ದವನನ್ನು ಕಂಡರೆ ಅದಕ್ಕಿಂತ ಹೇಸಿಗೆ.

ಅದಾದ ಮೇಲೆ ಒಂದು ದಿನ ಅರಕಲಗೂಡಿಗೆ ಹೋದೆ. ಅಲ್ಲಿಯ ಶಾಲೆಯೊಂದರಲ್ಲಿ ಮಂಜುಳಳ ಆಟವಿತ್ತು. ರಾಜ ಬಂದ, ರಾಣಿ ಬಂದಳು, ಹುಲಿ ಬಂತು. ಗುಡಾಣಯ್ಯ ಬರಲಿಲ್ಲ. ಮಕ್ಕಳಿಗೆ ಅವನೊಬ್ಬ ಇದ್ದನೆಂಬುದೇ ಗೊತ್ತಿಲ್ಲ, ಹುಲಿಗೇ ನಕ್ಕವು. ಆಟ ಮುಗಿದ ಮೇಲೆ ಪರದೆಯ ಹಿಂದಕ್ಕೆ ಹೋದೆ. ಗೊಂಬೆಯ ಸೂತ್ರ ಕಟ್ಟಿಕೊಳ್ಳಲು ತಲೆಗೆ ಹಾಕಿದ್ದ ಸಿಂಬೆ ಬಿಚ್ಚಿ ಮಂಜುಳ ಬೆವರು ಒರೆಸಿಕೊಳ್ಳುತ್ತಿದ್ದಳು.

"ಗುಡಾಣಯ್ಯ ಎಲ್ಲಿ?" ಎಂದೆ.

"ಕಣ್ಗೆ ಬಟ್ಟೆ ಕಟ್ಟಿ ಪೆಟ್ಗೇಲಿಟ್ಟಿವ್ನಿ ಅಣ್ಣ. ಆ ಫೋಟೊ ಬಂದಾಗ್ಲಿಂದ ನಂಗೂ ಅನುಮಾನ. ಮೊದ್ಲಿನ್ ಗುಡಾಣಯ್ಯ ಎಲ್ಲೋ ಕಣ್ ಬುಟ್ಕಂಡ್ ಕೂತವ್ನೇನೋ ಅಂತ. ಅಂಗಿದ್ಮೇಲೆ ಇವನ್ನ ಎಂಗೆ ಆಡ್ಸಲಿ?"

ಆಗ ಹೇಳಿದೆ. ಎಲ್ಲವನ್ನೂ — ಅಟ್ಟ, ಫೋಟೊ, ಎಲ್ಲ. ಹೇಳುತ್ತಾ ಹೇಳುತ್ತಾ ಕಾಲು ಹಿಡಿಯಲು ಬಗ್ಗಿದೆ. ಅವಳು ಹಿಂದಕ್ಕೆ ಸರಿದಳು. ಹುಲಿಯ ದಾರ ಸುತ್ತಿಟ್ಟಳು.

"ನಮ್ಮಪ್ಪ ನಿಮ್ಗೆ ಕೊಟ್ಟಿದ್ದು. ನೀವೇ ಬುಡ್ಬೇಕು, ನಾ ಬರಾಕಿಲ್ಲ," ಎಂದಳು. ಆಮೇಲೆ, "ನಂಗೇಳಿದ್ರೆ ಏನಾಯ್ತು? ನಾನು ಕದ್ದಿಲ್ಲ ಅಂತ ನಂಗೊತ್ತೇ ಇತ್ತಲ್ಲ. ಅವ್ರಿಗೇಳಿ. ನಿಮ್ ಎಸ್ರು ಆಕಿ ಏಳಿ."

ಬಿಟ್ಟೆ. ಈ ಸಲ ನಿಜವಾಗಿ. ಸೂತ್ರಗಳನ್ನು ಕತ್ತರಿಸಿ, ಸೊಂಟದ ಮಟ್ಟದ ನೀರಿಗೆ ಇಳಿದು ಬಿಟ್ಟೆ. ಮುಳುಗಲಿಲ್ಲ. ಹುಳು ತಿಂದು ಮರ ಹಗುರಾಗಿತ್ತು, ಮಗ್ಗುಲಾಗಿ ತೇಲಿಕೊಂಡು ಸೇತುವೆಯ ಕೆಳಗೆ ಹೋಯಿತು. ಎಲ್ಲಿ, ಯಾವತ್ತು ಎಂದು ಕೇಳಬೇಡಿ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ತೆಪ್ಪ ಹತ್ತುತ್ತೀರಿ.

ನನಗೆ ಗೊತ್ತು, ಈಗ ಏನಾಗುತ್ತದೆಂದು. ಒಬ್ಬ ಹೆಂಗಸಿನ ಮೇಲೆ ಕಳ್ಳತನ ಹೊರಿಸಿದ್ದನ್ನು ನೀವು ಕ್ಷಮಿಸಿಬಿಡುತ್ತೀರಿ. ಗೊಂಬೆಯನ್ನು ನೀರಿಗೆ ಬಿಟ್ಟದ್ದನ್ನು ಮಾತ್ರ ಸಾಯುವ ತನಕ ಕ್ಷಮಿಸುವುದಿಲ್ಲ. ಬೈಯಿರಿ. ನನ್ನ ಹೆಸರು, ಅಂಗಡಿ ಎಲ್ಲ ನಿಮಗೆ ಗೊತ್ತಿದೆ. ಅವಳ ಬಗ್ಗೆ ನೀವು ಬರೆದದ್ದು ಅಲ್ಲೇ ಇದೆ, ನಾನು ಬರೆದದ್ದೂ ಇದೆ. ನನ್ನದನ್ನು ಅಳಿಸುವುದಿಲ್ಲ. ಮಂಜುಳ ಕದಿಯಲಿಲ್ಲ, ಮಾರಲಿಲ್ಲ, ಪದ್ಧತಿ ಕೆಡಿಸಲಿಲ್ಲ.

ಗುಡಾಣಯ್ಯನನ್ನು ಮತ್ತೆ ಆಡಿಸುತ್ತಾಳೋ ಇಲ್ಲವೋ ಅವಳು ಹೇಳಲಿಲ್ಲ. ಕೇಳುವ ಯೋಗ್ಯತೆ ನನಗಿಲ್ಲ. ಆಡಿಸಿದರೆ — ಯಾವುದೋ ಊರಿನ ಶಾಲೆಯಲ್ಲಿ, ಅವನ್ಯಾರೆಂದು ಗೊತ್ತಿಲ್ಲದ ಮಕ್ಕಳ ಮುಂದೆ ಅವನನ್ನು ಆಡಿಸಿದರೆ — ನಾವು ಅಲ್ಲಿಗೆ ಹೋಗುವುದು ಬೇಡ.